ಸಹಿ ಹೊಂದುತ್ತಿಲ್ಲ

“ಇದು ನಿಮ್ಮ ಸಹಿ ಅಲ್ಲ,” ಎಂದ ಗುಮಾಸ್ತ.

“ಮತ್ಯಾರದು? ನಿಮ್ಮ ಕಣ್ಣೆದುರಿಗೇ ಹಾಕಿದ್ನಲ್ಲ!”

“ಹಾಕಿದ್ದು ನೋಡಿದೆ ಮೇಡಂ. ಆದ್ರೆ ಹೊಂದುತ್ತಿಲ್ಲ.”

ಅವನು ಎರಡು ಕಾಗದಗಳನ್ನು ಆರ್‌ಟಿಒ ಕಚೇರಿಯ ಗಾಜಿನ ಕಿಂಡಿಯ ಕೆಳಗಿಂದ ಹೊರಗೆ ತಳ್ಳಿದ. ಒಂದು, ಒಂಬತ್ತು ವರ್ಷದ ಹಿಂದೆ ಕಾರು ಕೊಂಡಾಗ ಹಾಕಿದ ಸಹಿ. ಗೆರೆ ಎಳೆದಷ್ಟು ನೇರ, ಕೊನೆಗೊಂದು ಗತ್ತಿನ ಕೊಕ್ಕೆ. ಇನ್ನೊಂದು ಈಗಷ್ಟೇ ಹಾಕಿದ್ದು. ಶಾಯಿಯಲ್ಲಿ ಬಿದ್ದೆದ್ದ ಇರುವೆ ದಾರಿ ತಪ್ಪಿ ಅಲೆದ ಹಾಗಿತ್ತು.

ಹಿಂದೆ ನಿಂತಿದ್ದ ದಂತವೈದ್ಯ ಎರಡನ್ನೂ ನೋಡಿದ. ಗುಮಾಸ್ತ ಹೇಳಿದ್ದು ಸರಿಯಾಗಿತ್ತು. ಅದೇ ತೊಂದರೆ.

ಅವನು ಕೊಳ್ಳುತ್ತಿದ್ದ ಕಾರು ಪಕ್ಕದ ರಾಜ್ಯದ್ದು. ಹುಡುಕಿ, ಈ ಕಡೆಗೆ ಓಡಿಸಿಕೊಂಡು ತಂದವನು ಭಾವಮೈದ, ಬೇಕೇ ಬೇಕು ಅಂದವಳು ಹೆಂಡತಿ, ಹೂಂ ಅಂದವನು ಅವನು. ಮಾರುವವರು ನಿವೃತ್ತ ಮುಖ್ಯೋಪಾಧ್ಯಾಯಿನಿ; ಹುಟ್ಟಿದ್ದು ಈ ಕಡೆ, ಕೆಲಸ ಮಾಡಿದ್ದು ಆ ಕಡೆ. ಊರೆಲ್ಲ ಅವರನ್ನು ಹೆಡ್‌ಮೇಡಂ ಅನ್ನುತ್ತಿತ್ತಂತೆ, ಅವನೂ ಹಾಗೇ ಅಂದ. ಅಂಚೆಯಲ್ಲಿ ಬಂದ ಅವರ ಅರ್ಜಿ ಸಹಿ ಹೊಂದದೆ ಹೋದ ವಾರ ವಾಪಸಾಗಿತ್ತು. ಅದಕ್ಕೇ ಇವತ್ತು ಬೆಳಗಿನ ರೈಲಿಗೆ ಅವರೇ ಬಂದಿದ್ದರು. ಕಾರು ಈ ಕಡೆಗೆ ವರ್ಗವಾಗಲು ಅಡ್ಡಿಯಿಲ್ಲ ಎಂದು ಆ ರಾಜ್ಯ ಕೊಟ್ಟ ಎನ್‌ಒಸಿಗೆ ನಾಳೆ ಅವಧಿ ಮುಗಿಯುತ್ತಿತ್ತು. ಮುಗಿದರೆ ಎಲ್ಲ ಮೊದಲಿಂದ: ಆ ಕಡೆಯ ಕಚೇರಿ, ಆ ಕಡೆಯ ಕಿಂಡಿ, ಮತ್ತೆ ಸಹಿ.

“ನಾನೇ ನಾನು ಅಂತ ನಿಮಗೆ ಗೊತ್ತಲ್ಲಪ್ಪ?” ಹೆಡ್‌ಮೇಡಂ ಕೇಳಿದರು.

“ನನಗೆ ಗೊತ್ತು. ಫೈಲಿಗೆ ಗೊತ್ತಿಲ್ಲ.”

“ಫೋಟೋ ಇದೆ, ನೋಡಿ.”

“ಮುಖ ಹೊಂದುತ್ತೆ ಮೇಡಂ. ಮುಖ ಯಾರು ಕೇಳಿದ್ರು?”

“ಹೆಬ್ಬೆಟ್ಟು ಒತ್ತಲಾ ಹಾಗಾದ್ರೆ?”

“ಸಹಿ ಬಲ್ಲವರು ಒತ್ತೋ ಹಾಗಿಲ್ಲ. ಓದು ಬರಹ ಬರಲ್ಲ ಅಂತ ಅಫಿಡವಿಟ್ ಬೇಕು.”

“ಮೂವತ್ತೆರಡು ವರ್ಷ ಪಾಠ ಮಾಡಿದವಳು ನಾನು!”

“ಅದೇ ನೋಡಿ,” ಎಂದ ಗುಮಾಸ್ತ, ತನ್ನ ವಾದ ಗೆದ್ದವನ ಹಾಗೆ. ಕೆಟ್ಟವನೇನಲ್ಲ. ಹೊಸದೊಂದು ಅರ್ಜಿಯನ್ನೂ ಒಂದು ಖಾಲಿ ಹಾಳೆಯನ್ನೂ ಹಳೆಯ ಸಹಿಯ ನಕಲನ್ನೂ ಕೊಟ್ಟು ದನಿ ತಗ್ಗಿಸಿದ. “ಒಂದೂವರೆವರೆಗೂ ಇರ್ತೀನಿ. ಬೆಂಚ್ ಮೇಲೆ ಕೂತು ಸ್ವಲ್ಪ ಅಭ್ಯಾಸ ಮಾಡ್ಕೊಳ್ಳಿ.”

ಇಬ್ಬರೂ ಬೆಂಚಿನ ಮೇಲೆ ಕೂತರು. ಹೆಡ್‌ಮೇಡಂ ತೊಡೆಯ ಮೇಲೆ ಕೈಚೀಲ, ಅದರ ಮೇಲೆ ಹಾಳೆ ಇಟ್ಟುಕೊಂಡು ತಮ್ಮ ಸಹಿಯನ್ನು ತಾವೇ ನಕಲು ಮಾಡತೊಡಗಿದರು. ಪೆನ್ನು ಹಾಳೆ ಮುಟ್ಟುವವರೆಗೂ ಕೈ ನೆಟ್ಟಗಿರುತ್ತಿತ್ತು. ಮುಟ್ಟಿದ್ದೇ ತಡ, ನಡುಕ.

“ಹೋದ ವರ್ಷ ಶುರುವಾಯ್ತು,” ಎಂದರು, ಬೇರೆ ಯಾರದೋ ಸುದ್ದಿ ಹೇಳುವ ಹಾಗೆ. “ಒಂದು ದಿನ ಗೇರ್ ಹಾಕೋಕೆ ಹೋದೆ, ಕೈ ವೈಪರ್ ಹಾಕ್ತು. ಬಿಸಿಲಲ್ಲಿ ವೈಪರು! ಅವತ್ತೇ ಮಾರಬೇಕು ಅನ್ಕೊಂಡೆ.”

ಅವನು ನಕ್ಕ. ನಗಬಾರದಿತ್ತೇನೋ. ಅವರೂ ನಕ್ಕರು.

“ಮಕ್ಕಳು ಅಪ್ಪನ ಸಹಿ ತಾವೇ ಗೀಚಿಕೊಂಡು ಬರ್ತಿದ್ರು, ಅಂಕಪಟ್ಟಿ ಮೇಲೆ. ನೋಡ್ತಿದ್ದ ಹಾಗೇ ಹಿಡೀತಿದ್ದೆ. ಕಳ್ಳ ಸಹಿ ಹೇಗೆ ಗೊತ್ತಾಗುತ್ತೆ ಹೇಳಿ?”

“ಹೇಗೆ?”

“ಅಸಲಿಗಿಂತ ಚೆನ್ನಾಗಿರುತ್ತೆ.”

ಫೋನು ಅಲುಗಿತು. ಹೆಂಡತಿ.

“ಆಯ್ತಾ?”

“ಆಗ್ತಾ ಇದೆ.”

“ಏನು ಆಗ್ತಾ ಇದೆ?”

“ಸಹಿ.”

“ಅಷ್ಟಕ್ಕೆ ಇಷ್ಟು ಹೊತ್ತಾ? ನಿಮ್ಮ ಕೈಗೆ ಕೊಟ್ಟ ಕೆಲಸ, ದೇವರೇ ಗತಿ.”

ಅವನಿಗೆ ಬೇಸರವಾಗಲಿಲ್ಲ. ಇದೇ ಇವತ್ತಿನ ವಿಚಿತ್ರ. ಬೆಳಗ್ಗೆಯಿಂದ ಯಾವುದೂ ಚುಚ್ಚುತ್ತಿರಲಿಲ್ಲ. ಕ್ಲಿನಿಕ್ಕಿಗೆ ರಜ, ಬಾಯಿ ತೆರೆದುಕೊಂಡು ಯಾರೂ ತನ್ನ ಎದುರು ಮಲಗಿಲ್ಲ. ಹತ್ತೊಂಬತ್ತು ವರ್ಷದಿಂದ ಜನರ ಬಾಯಿಯ ಒಳಗನ್ನೇ ನೋಡಿದವನಿಗೆ, ಬಾಯಿ ಮುಚ್ಚಿಕೊಂಡು ಸಾಲಿನಲ್ಲಿ ನಿಂತ ಜನ ಚೆಂದ ಕಂಡರು. ಮನೆ ಹೆಂಡತಿಯ ಹೆಸರಲ್ಲಿತ್ತು. ಕ್ಲಿನಿಕ್ಕಿನ ಜಾಗ ಮಾವನ ಹೆಸರಲ್ಲಿ. ಕಾರಾದರೂ ನಿಮ್ಮ ಹೆಸರಲ್ಲಿರಲಿ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು. ಹಾಗೆ ಅಂದಾಗ ಎದೆಯಲ್ಲಿ ಏನಾದರೂ ಆಗುತ್ತದೇನೋ ಎಂದು ಅವನು ಸ್ವಲ್ಪ ಹೊತ್ತು ಕಾದಿದ್ದ. ಏನೂ ಆಗಿರಲಿಲ್ಲ.

ಹಾಳೆ ತುಂಬಿತು. ಹಿಂದಿನ ಮಗ್ಗುಲೂ ತುಂಬಿತು. ಒಂದು ಗಂಟೆ ಹತ್ತು ನಿಮಿಷ.

“ಡಾಕ್ಟರೇ, ಇದು ಆಗೋ ಕೆಲಸ ಅಲ್ಲ,” ಎಂದರು ಹೆಡ್‌ಮೇಡಂ. ಮೊದಲ ಸಲ ಅವರ ದನಿಯೂ ಕೈಯ ಹಾಗೆ ನಡುಗಿತು. “ಬರೋ ತಿಂಗಳು ಇಷ್ಟೂ ಬರಲ್ಲ. ಈ ಕಾರು ಸಾಯೋವರೆಗೂ ನನ್ನ ಹೆಸರಲ್ಲೇ ಇರುತ್ತೆ. ನೀವು ಯಾರನ್ನಾದ್ರೂ ಗುದ್ದಿದ್ರೆ ಪೊಲೀಸರು ನನ್ನ ಮನೆ ಬಾಗಿಲಿಗೆ ಬರ್ತಾರೆ.”

“ಕೈ ಕೊಡಿ,” ಎಂದ ಅವನು.

ಹಲ್ಲು ಕೊರೆಯುವಾಗ ಕೈ ಜಾರದಿರಲು ಉಂಗುರದ ಬೆರಳನ್ನು ಪಕ್ಕದ ಹಲ್ಲಿನ ಮೇಲೆ ಊರಿಕೊಳ್ಳುತ್ತಾರೆ. ಅವನು ಆ ಬೆರಳನ್ನು ಹಾಳೆಯ ಮೇಲೆ ಊರಿದ. ಅವರ ಮುಷ್ಟಿಯನ್ನು ತನ್ನ ಮುಷ್ಟಿಯೊಳಗೆ ತೆಗೆದುಕೊಂಡ. ಒಳಗೆ ಏನೋ ಮಿಡುಕುತ್ತಿತ್ತು, ಹಿಡಿದ ಹಕ್ಕಿಯ ಹಾಗೆ. ಒತ್ತಲಿಲ್ಲ, ಬಿಡಲೂ ಇಲ್ಲ. ಮೆಲ್ಲಗೆ ನಿಂತಿತು.

ಹಾಳೆಯ ಅಂಚಿನಲ್ಲಿ ಎರಡು ಸಲ ಅಭ್ಯಾಸ. ಮೂರನೆಯದು ಅರ್ಜಿಯ ಮೇಲೆ. ಕೊನೆಯ ಕೊಕ್ಕೆ ಕೂಡ ಗತ್ತಿನಿಂದಲೇ ಮೇಲೆದ್ದಿತು.

“ಯಾರು ಹಾಕಿದ್ದು? ನೀವೋ ನಾನೋ?”

“ಗೊತ್ತಾಗ್ಲಿಲ್ಲ,” ಎಂದ. ನಿಜವನ್ನೇ ಹೇಳಿದ್ದ. ಎಷ್ಟೋ ವರ್ಷಗಳಿಂದ ತನ್ನ ಕೈ ಮಾಡಿದ ಕೆಲಸಗಳಲ್ಲಿ ಇಷ್ಟು ಹಗುರಾಗಿ ಆದದ್ದು ಇದೊಂದೇ ಅನ್ನಿಸಿತು. ಇನ್ನೊಬ್ಬರ ಹೆಸರನ್ನು ಬರೆದದ್ದು.

ಗುಮಾಸ್ತ ಎರಡು ಸಹಿಗಳನ್ನೂ ಅಕ್ಕಪಕ್ಕ ಇಟ್ಟು ಕನ್ನಡಕ ಏರಿಸಿದ. ಬೆಂಚಿನ ಕಡೆ ಅವನು ನೋಡಿರಲೇ ಇಲ್ಲವೋ, ನೋಡಿಯೂ ನೋಡದ ಹಾಗೆ ಇದ್ದನೋ.

“ಭೇಷ್! ಹಳೇದಕ್ಕಿಂತ ಚೆನ್ನಾಗಿದೆ,” ಎಂದು ಮುದ್ರೆ ಒತ್ತಿದ.

ಹೆಡ್‌ಮೇಡಂ ದಂತವೈದ್ಯನ ಮುಖ ನೋಡಿದರು, ಶಾಲೆಯಲ್ಲಿ ಹುಡುಗರನ್ನು ಹಿಡಿದಾಗ ನೋಡುತ್ತಿದ್ದ ಹಾಗೇ ಇರಬೇಕು.

“ಈಗ ಕೊಳ್ಳೋರು. ಇಲ್ಲಿ, ಇಲ್ಲಿ, ಹಿಂದುಗಡೆ,” ಗುಮಾಸ್ತ ಬೆರಳಿಟ್ಟು ತೋರಿಸಿದ.

ದಂತವೈದ್ಯ ಪೆನ್ನು ಊರಿದ. ಕೈ ಇನ್ನೂ ಹೆಡ್‌ಮೇಡಂ ಹೆಸರಿನ ಮೊದಲ ಅಕ್ಷರದ ಕಡೆಗೇ ವಾಲುತ್ತಿತ್ತು. ತಡೆದು, ತನ್ನದನ್ನು ಬರೆದ. ಯಾವನೋ ಅವಸರದಲ್ಲಿದ್ದವನು ಹಾಕಿದ ಹಾಗೆ ಕಂಡಿತು. ಗುಮಾಸ್ತ ಅದನ್ನು ನೋಡದೆಯೇ ಹಾಳೆ ಮಗುಚಿದ.

“ಇದನ್ನ ಹೋಲಿಸಿ ನೋಡಲ್ವಾ?”

“ಯಾವುದರ ಜೊತೆ?” ಎಂದ ಗುಮಾಸ್ತ.

ಹೊರಗೆ ಅಂಗಳದಲ್ಲಿ ಇನ್‌ಸ್ಪೆಕ್ಟರು ಬಾನೆಟ್ ಎತ್ತಿಸಿ, ಲೋಹದಲ್ಲಿ ಕೊರೆದಿದ್ದ ಛಾಸಿ ನಂಬರಿನ ಮೇಲೆ ತೆಳು ಕಾಗದ ಹಿಡಿದು ಪೆನ್ಸಿಲ್ ಉಜ್ಜಿದ. ಬೂದು ಬಣ್ಣದೊಳಗಿಂದ ಅಂಕಿಗಳು ಒಂದೊಂದಾಗಿ ಬೆಳ್ಳಗೆ ಎದ್ದು ಬಂದವು. ಕಾರಿಗೆ ತಾನು ಯಾರೆಂಬುದರಲ್ಲಿ ಅನುಮಾನವಿರಲಿಲ್ಲ.

“ಮೇಡಂ ಹೆಸರು ಈಗ ಹೋಯ್ತು,” ಎಂದ ಇನ್‌ಸ್ಪೆಕ್ಟರು ಕಾಗದ ಮಡಚುತ್ತ. “ನಿಮ್ಮದು ಬರೋಕೆ ಎಂಟು ದಿನ.”

“ಅಲ್ಲಿವರೆಗೂ ಕಾರು ಯಾರದು?”

“ಯಾರದೂ ಅಲ್ಲ. ಹುಷಾರಾಗಿ ಓಡಿಸಿ.”

ಯಾರದೂ ಅಲ್ಲ. ಹೆಡ್‌ಮೇಡಂ ಅವರನ್ನು ಸ್ಟೇಷನ್ನಿಗೆ ಬಿಡಲು ಹೊರಟಾಗ ಅವನು ಆ ಮಾತನ್ನು ನಾಲಿಗೆಯ ಮೇಲೆ ಹೊರಳಿಸಿ ನೋಡಿದ. ಸಿಹಿಯಾಗಿತ್ತು. ಎಂಟು ದಿನ! ಹೆಂಡತಿಗೆ ಹೇಳಬಾರದು, ಹೇಳಿದರೆ ಅವಳು ಭಾವಮೈದನಿಂದ ಫೋನು ಮಾಡಿಸಿ ಅದನ್ನು ಮೂರು ದಿನಕ್ಕೆ ಇಳಿಸಿಬಿಡುತ್ತಾಳೆ.

ಹೆಡ್‌ಮೇಡಂ ಪಕ್ಕದ ಸೀಟಿನಲ್ಲಿ ಕೈಕಟ್ಟಿ ಕೂತಿದ್ದರು. “ಈ ಸೀಟಿನಿಂದ ರಸ್ತೆ ಬೇರೆ ಥರ ಕಾಣುತ್ತೆ,” ಎಂದರು ಒಮ್ಮೆ. ಮತ್ತೊಮ್ಮೆ, “ಎರಡನೇ ಗೇರ್ ಸ್ವಲ್ಪ ಮೊಂಡು. ಬೈದ್ರೆ ಬೀಳಲ್ಲ, ಕಾಯಬೇಕು.”

ಸ್ಟೇಷನ್ನಿನ ಪಾರ್ಕಿಂಗು ನೆಲದಡಿಯಲ್ಲಿತ್ತು. ಪ್ರತಿ ಜಾಗದ ತಲೆಯ ಮೇಲೂ ಒಂದು ಸಣ್ಣ ದೀಪ. ಕಾರು ನಿಂತಿದ್ದರೆ ಕೆಂಪು, ಖಾಲಿ ಇದ್ದರೆ ಹಸಿರು. ಮೂಲೆಯಲ್ಲಿ ಹಸಿರೊಂದು ಕಂಡಿತು. ನಿಲ್ಲಿಸಿ, ಅವರ ಚೀಲ ಹಿಡಿದು ಮೇಲಕ್ಕೆ ಹೋದ.

ರೈಲು ಹತ್ತುವ ಮುಂಚೆ ಹೆಡ್‌ಮೇಡಂ ಕೈ ಚಾಚಿದರು. ಕುಲುಕಲಿಕ್ಕೆ ಎಂದುಕೊಂಡ, ಅಲ್ಲ, ಅಂಗೈ ತೋರಿಸಲಿಕ್ಕೆ.

“ನೋಡಿ. ನಿಂತಿದೆ.”

ನಿಜಕ್ಕೂ ನಿಂತಿತ್ತು. ಹಾಳೆ ಇಲ್ಲ, ಪೆನ್ನಿಲ್ಲ, ಹೆಸರಿಲ್ಲ.

“ಆರಾಮಾಗಿದೀನಿ ಡಾಕ್ಟರೇ. ನೀವು?”

“ನಾನೂ,” ಎಂದ. ಅದೂ ನಿಜವೇ.

ವಾಪಸು ಬಂದಾಗ ಪಾರ್ಕಿಂಗಿನ ಬಾಯಲ್ಲಿ ಕಾರುಗಳು ಸಾಲು ಹಿಡಿದಿದ್ದವು. ಮೇಲಿನ ಫಲಕದಲ್ಲಿ ‘ಖಾಲಿ: ೧’ ಎಂದಿತ್ತು. ಕಾವಲಿನವನು ಮೊದಲ ಕಾರನ್ನು ಒಳಕ್ಕೆ ಬಿಟ್ಟ.

ಅವನು ಮೆಟ್ಟಿಲಿಳಿದು ಹೋದ. ಉದ್ದಕ್ಕೂ ಕೆಂಪು. ಇಡೀ ನೆಲಮಾಳಿಗೆಯಲ್ಲಿ ಒಂದೇ ಒಂದು ದೀಪ ಹಸಿರಾಗಿತ್ತು, ಮೂಲೆಯಲ್ಲಿ. ಅದರ ಕೆಳಗೆ ಅವನ ಕಾರು ನಿಂತಿತ್ತು.

ಅವನು ಬಾಗಿಲು ತೆರೆದು ಒಳಗೆ ಕೂತ. ಗಾಜಿನಿಂದ ಬಗ್ಗಿ ನೋಡಿದ. ಹಸಿರೇ.

ಫೋನು ಅಲುಗಿತು.

“ಆಯ್ತಾ?”

“ಆಯ್ತು.”

“ಎಲ್ಲಿದೀರಾ?”

ಸ್ವಲ್ಪ ಯೋಚಿಸಿದ. “ಇಲ್ಲೇ,” ಎಂದ.

ಕಾರೊಂದು ದೀಪ ನಂಬಿಕೊಂಡು ವೇಗವಾಗಿ ತಿರುಗಿ ಬಂತು, ಮೂತಿಗೆ ಮೂತಿ ತಾಗುವಷ್ಟು ಹತ್ತಿರ ಬಂದು ಗಕ್ಕನೆ ನಿಂತಿತು. ಓಡಿಸುತ್ತಿದ್ದವನು ಮೊದಲು ಮೇಲಿನ ದೀಪ ನೋಡಿದ, ಆಮೇಲೆ ಇವನನ್ನು, ಮತ್ತೆ ದೀಪವನ್ನು. ಕೈಯಾಡಿಸಿ ಹಿಂದಕ್ಕೆ ಹೋದ. ಅವನ ಹಿಂದೆ ಇನ್ನೊಂದು ಬಂತು.

ದಂತವೈದ್ಯ ಹೆಡ್‌ಲೈಟು ಹಾಕಲಿಲ್ಲ, ಹಾರ್ನೂ ಮಾಡಲಿಲ್ಲ. ಸೀಟನ್ನು ಹಿಂದಕ್ಕೆ ಬಾಗಿಸಿ, ಕೈ ಎರಡನ್ನೂ ತಲೆಯ ಕೆಳಗೆ ಇಟ್ಟುಕೊಂಡ. ಮುಖದ ಮೇಲೆ ಹಸಿರು ಬೆಳಕು ಬಿದ್ದಿತ್ತು. ಖಾಲಿ ಜಾಗ ಹುಡುಕುತ್ತ ಮೂರನೆಯ ಕಾರು ನೇರ ಅವನ ಕಡೆಗೇ ತಿರುಗಿತು.