ಗಾಳಿ ತೊಳೆಯುವ ಯಂತ್ರದ ಉದ್ಘಾಟನೆ

ಹಿನೊಸೆ ಬಂದರಿನ ಮೇಯರ್ ಒಗಾಟಾ ಬಿಳಿ ಕೈಗವಸು ತೊಟ್ಟರೆ ಸಾಕು, ಮೈಮೇಲೆ ದೇವರು ಬಂದವನಂತೆ ಮಾತಾಡುತ್ತಿದ್ದ. ಅಂದು ಉದ್ಘಾಟನೆಯಾಗಬೇಕಿದ್ದದ್ದು ಎಂಜಿನಿಯರ್ ಇಕುಮಿಯ ಯಂತ್ರ. ಗಾಳಿಯಿಂದ ಇಂಗಾಲದ ಅನಿಲ ಹೀರಿ, ನೆಲದಾಳಕ್ಕಿಳಿಸಿ ಕಲ್ಲಾಗಿಸುವ ಯಂತ್ರ. ಸುಳ್ಳಲ್ಲ, ಹೀರುತ್ತಿತ್ತು, ಕಲ್ಲೂ ಆಗುತ್ತಿತ್ತು. ಆದರೆ ಪಕ್ಕದ ಕಲ್ಲಿದ್ದಲು ಸ್ಥಾವರದ ಚಿಮಣಿ ಕಾರುವುದರ ಮುಂದೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಚಿಮಣಿ ಮುಚ್ಚಿದರೆ ಮಾತ್ರ ಅದಕ್ಕೊಂದು ಅರ್ಥ.

ಮುಚ್ಚುತ್ತಾರೆಂದು ಇಕುಮಿ ನಂಬಿದ್ದಳು. ನಂಬಿದ್ದಷ್ಟೇ ಅಲ್ಲ, ಮೇಯರ್ ಕಳಿಸಿದನೆಂದು ಹುಟ್ಟಿದ ಕೇರಿಯ ಮನೆಮನೆಗೂ ಹೋಗಿ, ಮಾತು ಕೊಟ್ಟು ಜನರನ್ನು ಯಂತ್ರಕ್ಕೆ ಒಪ್ಪಿಸಿದ್ದಳು. ಮಸಿ ಬೀಳುತ್ತದೆಂದು ಮೀನನ್ನು ಮನೆಯೊಳಗೇ ಒಣಗಿಸುತ್ತಿದ್ದ ಚಿಕ್ಕಮ್ಮ ಮಿನೆಕೊಗಂತೂ, "ಬರೋ ವಸಂತಕ್ಕೆ ಅಂಗಳದಲ್ಲೇ ಒಣಗ್ಸು, ನಾನಿದ್ದೀನಿ" ಅಂದಿದ್ದಳು.

ಮೇಯರ್ ಗಂಟಲು ಸರಿಮಾಡಿಕೊಂಡ. "ಈ ಯಂತ್ರದ ಪುಣ್ಯದಿಂದ ನಮ್ಮ ಸ್ಥಾವರಕ್ಕೆ ಇನ್ನೂ ಇಪ್ಪತ್ತು ವರ್ಷ ಪರವಾನಗಿ ಸಿಕ್ಕಿದೆ!"

ಚಪ್ಪಾಳೆಯೋ ಚಪ್ಪಾಳೆ. ಇಕುಮಿ ಅವನ ಪಕ್ಕಕ್ಕೆ ಸರಿದು, "ಮುಚ್ತೀವಿ ಅಂದಿದ್ರಲ್ಲ ಸಾರ್?" ಎಂದು ಪಿಸುಗುಟ್ಟಿದಳು.

"ಅಯ್ಯೋ, ಮನೇಲಿ ಸೋಪಿದ್ದ ಮೇಲೆ ಬಟ್ಟೆ ಕೊಳೆಯಾದ್ರೆ ಏನ್ರೀ? ಹೋಗಿ ಸ್ವಿಚ್ ಹತ್ರ ನಿಂತ್ಕೊಳ್ಳಿ." ಅವನ ನಗುಮುಖ ಕ್ಯಾಮೆರಾಗಳ ಕಡೆಗೇ ಇತ್ತು.

ಥೂ, ಎಲುಬಿಲ್ಲದ ನಾಲಿಗೆ! ಹೋಗಿ ನಿಂತಳು. ಮೇಯರ್ ಹಗ್ಗ ಎಳೆದ. ಮೇಲೆ ತೂಗುಹಾಕಿದ್ದ ಬಂಗಾರದ ಬಣ್ಣದ ಉಂಡೆ ಬಿರಿದು ಬಣ್ಣಬಣ್ಣದ ಕಾಗದದ ಚೂರು ಸುರಿಯಿತು. ಆಗ ಅವಳು ಸ್ವಿಚ್ ಒತ್ತಬೇಕಿತ್ತು. ಒತ್ತಲಿಲ್ಲ, ಕೈಯನ್ನು ಜೇಬಿಗೆ ಹಾಕಿಕೊಂಡಳು. ಹೋಗಲಿ ಇವರ ಮಾನ, ಊರೆದುರೇ ಹೋಗಲಿ ಎಂದು ಕಾದಳು.

ಒಂದು ಫ್ಯಾನೂ ತಿರುಗಲಿಲ್ಲ. ಮೇಯರ್ ಕಣ್ಣುಮುಚ್ಚಿ ಎದೆತುಂಬ ಉಸಿರೆಳೆದ. "ಆಹಾ! ಗಾಳಿ ಈಗ್ಲೇ ಎಷ್ಟು ಹಗುರ!" ಟೋಕಿಯೊದಿಂದ ಬಂದಿದ್ದ ಅಧಿಕಾರಿಗಳೂ ಸಾಲಾಗಿ ನಿಂತು ಉಸಿರೆಳೆದರು. ಒಬ್ಬ ಮಹಾಶಯನಿಗಂತೂ ಕಣ್ಣಲ್ಲಿ ನೀರೇ ಬಂತು. ಆಮೇಲೆ ಶುಭಕಾರ್ಯದ ಕೆಂಪನ್ನದ ಪೊಟ್ಟಣ ಹಿಡಿದು ಎಲ್ಲರೂ ಕಾರು ಹತ್ತಿದರು.

ಮಿನೆಕೊ ಮಾತ್ರ ಯಂತ್ರವನ್ನೇ ನೋಡುತ್ತಾ ನಿಂತಿದ್ದಳು. "ಇದು ತಿರುಗ್ಲೇ ಇಲ್ವಲ್ಲೇ ಇಕು?"

"ನಾನೇ ಹಾಕ್ಲಿಲ್ಲ ಚಿಕ್ಕಮ್ಮ. ಯಾರಿಗೂ ಗೊತ್ತೇ ಆಗ್ಲಿಲ್ಲ. ಇದು ತಿರುಗೋದು ಅವ್ರಿಗೆ ಬೇಕೇ ಇರ್ಲಿಲ್ಲ. ಬಂದು ಇಲ್ಲಿ ನಿಂತ್ರೆ ಸಾಕಿತ್ತು."

ಚಿಕ್ಕಮ್ಮ ಅವಳನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ನಿನ್ನನ್ನೂ ಅದಕ್ಕೇ ಕಣೇ ನಮ್ಮ ಮನೆ ಬಾಗ್ಲಿಗೆ ಕಳ್ಸಿದ್ದು," ಅಂದಳು.