ಸೊರಗಬೇಕಾದ ಸಾಲು

ದಿವ್ಯಳ ಪಿಎಚ್.ಡಿ. ನಿಂತಿದ್ದು ನಾಲ್ಕು ಸಾಲು ಭತ್ತದ ಪೈರು ಸೊರಗುವುದರ ಮೇಲೆ. ಸೊರಗಿದರೆ ಅವಳು ಗೆದ್ದಳು. ನಳನಳಿಸಿದರೆ ಇಷ್ಟು ವರ್ಷದ ದುಡಿಮೆ ನಾಲೆಯ ಪಾಲು. ಊರ ದೇವರಿಗೆ ಯಾರೂ ಹೊರದ ಈ ಹರಕೆಯನ್ನು ಅವಳು ಹೊತ್ತಿದ್ದು ಪಾಂಡವಪುರದ ಹತ್ತಿರ, ಸೋದರಮಾವ ಮುದ್ದಯ್ಯನ ರಸ್ತೆಬದಿಯ ಗದ್ದೆಯಲ್ಲಿ.

ವಿಷಯ ಇಷ್ಟೇ. ಗಿಡದ ಕೋಶದೊಳಗೆ ಡಿಎನ್‌ಎ ಎಳೆ ತುಂಡಾದರೆ, ಕೋಶ ಪಕ್ಕದಲ್ಲಿರುವ ಅದರದೇ ಜೋಡಿ ಪ್ರತಿಯನ್ನು ನೋಡಿ, ಕಳೆದುಹೋದ ಭಾಗವನ್ನು ನಕಲು ಹೊಡೆದು ಕೂಡಿಸಿಕೊಳ್ಳುತ್ತದೆ. ಪರೀಕ್ಷಾ ಕೊಠಡಿಯಲ್ಲಿ ಮಾಡಿದರೆ ಡಿಬಾರು, ಕೋಶದಲ್ಲಿ ಮಾಡಿದರೆ ದುರಸ್ತಿ. ಈ ವಿದ್ಯೆ ಮರೆತ ಒಂದು ತಳಿ ದಿವ್ಯಳ ಬಳಿ ಇತ್ತು. ಅದರ ಬೀಜಕ್ಕೂ ಮಾಮೂಲಿ ಬೀಜಕ್ಕೂ ಒಂದೇ ಅಳತೆಯಲ್ಲಿ ವಿಕಿರಣ ಹಾಯಿಸಿ, ಅಕ್ಕಪಕ್ಕ ನಾಟಿ ಮಾಡಿಸಿದ್ದಳು. ಮಾಮೂಲಿಯದು ಚೇತರಿಸಿಕೊಂಡಿತು, ಮರೆವಿನದು ಬಾಣಂತನ ಕೆಟ್ಟ ಹಸುವಿನ ಹಾಗೆ ಬಡಕಲಾಯಿತು. ಅವಳು ಖುಷಿಯಿಂದ ಲ್ಯಾಬಿಗೆ ಮರಳಿದಳು.

ಮತ್ತೆ ಬಂದದ್ದು ಗೈಡು ಡಾ. ರವೀಂದ್ರರ ಕಾರಿನಲ್ಲಿ. ಬದುವಿನ ಮೇಲೆ ನಿಂತವಳು ಮೊದಲು ಗೂಟಗಳನ್ನು ನೋಡಿದಳು. ಚೀಟಿ ಅಂಟಿಸಿದ ಗೂಟಗಳು ನೆಟ್ಟಲ್ಲೇ ಇದ್ದವು, ಹೆಸರು ಕೂಡ ಅಳಿಸಿರಲಿಲ್ಲ. ಆದರೆ ಸೊರಗಬೇಕಿದ್ದ ನಾಲ್ಕೂ ಸಾಲು ಕಡು ಹಸಿರು.

ರವೀಂದ್ರರ ಮಾತು ಯಾವಾಗಲೂ ಎರಡು ಪದಕ್ಕೊಮ್ಮೆ ಚಪ್ಪಾಳೆಗೆ ಜಾಗ ಬಿಟ್ಟು ನಿಲ್ಲುತ್ತಿತ್ತು. ಅವರು ಗದ್ದೆಯತ್ತ ಕೈ ಚಾಚಿದರು.

"ಇದು ಬರೀ... ಹಸಿರಲ್ಲ ದಿವ್ಯ. ಇದು ಇತಿಹಾಸದ... ಉಸಿರು!"

ನಕಲಿನ ದಾರಿ ಮುಚ್ಚಿದರೂ ಗಿಡ ಯಾರೂ ಕಾಣದ ಹೊಸ ದಾರಿಯಲ್ಲಿ ದುರಸ್ತಿಯಾಗಿದೆ ಎಂದು ಅವರು ಬದುವಿನ ಮೇಲೆಯೇ ತೀರ್ಪು ಕೊಟ್ಟರು. ಎಲೆ ಕೊಯ್ದು ಪರೀಕ್ಷೆ ಮಾಡೋಣವೇ ಎಂದು ದಿವ್ಯ ಕೇಳಿದರೆ, ಪರೀಕ್ಷೆ ಆಮೇಲೆ, ಪತ್ರಿಕೆಯವರು ಮೊದಲು ಎಂದರು. ಮಂಡ್ಯದ ವರದಿಗಾರನಿಗೆ ಆಗಲೇ ಫೋನೂ ಹೋಯಿತು.

ಅಷ್ಟರಲ್ಲಿ ಎಳನೀರು ಹಿಡಿದು ಮುದ್ದಯ್ಯ ಬಂದ. ಮುಖದಲ್ಲಿ ಮದುವೆ ಮನೆಯ ಗೆಲುವು.

"ಎಂಗದೆ ಕೂಸೆ, ನಿನ್ ಪೈರು?"

"ಮಾವ, ಏನ್ ಮಾಡ್ದೆ?"

ಅವನು ಮುಚ್ಚಿಡುವ ಆಸಾಮಿಯೇ ಅಲ್ಲ. ಶ್ರೀರಂಗಪಟ್ಟಣದ ಬಸ್ಸು ಹೋಗುವಾಗೆಲ್ಲ ಜನ ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಮುದ್ದಯ್ಯನಿಗೆ ವ್ಯವಸಾಯ ಮರೆತೋಯ್ತಾ ಅನ್ನುತ್ತಿದ್ದರಂತೆ. ಓದಿದ ಹುಡುಗಿ ಕೈಗುಣ ನೋಡಿ ಅಂತ ಬೀಗರೂ ಆಡಿಕೊಂಡರಂತೆ. ಅವನಿಗೆ ತಡೆಯಲಾಗಲಿಲ್ಲ.

"ಸೊರಗಿದ್ದನ್ನೆಲ್ಲ ಕಿತ್ತು ಎಮ್ಮೆಗಾಕ್ದೆ. ಪಕ್ಕದ್ ಸಾಲಲ್ಲಿ ಗುಣಿಗೊಂದ್ ಪೈರು ಜಾಸ್ತಿ ಇತ್ತಲ್ಲ, ಅದ್ನ ತಂದು ತುಂಬ್ಬುಟ್ಟೆ. ಚೀಟಿ ಮಾತ್ರ ಮುಟ್ಲಿಲ್ಲ ಕಣ್ ಕೂಸೆ."

ರವೀಂದ್ರರ ಉಸಿರು ಇತಿಹಾಸದ ಸಮೇತ ನಿಂತಿತು. ಎಮ್ಮೆಯ ಸಗಣಿಯಲ್ಲಿ ಮಾದರಿ ಸಿಗಬಹುದೇ ಎಂದೂ ಒಂದು ಕ್ಷಣ ಯೋಚಿಸಿದಂತಿತ್ತು. ಆಮೇಲೆ ಧ್ವನಿ ತಗ್ಗಿಸಿ, ಚಪ್ಪಾಳೆಯ ಜಾಗವನ್ನೂ ಬಿಡದೆ ಹೇಳಿದರು: "ಯಜಮಾನರೇ, ಈ ಮಾತು ನಮ್ಮಲ್ಲೇ ಇರಲಿ. ನಿಮ್ಮ ಹುಡುಗಿ ಈ ವರ್ಷವೇ ಡಾಕ್ಟರ್ ಆಗಬೇಕು ತಾನೇ?"

ಮುದ್ದಯ್ಯ ಸೊಸೆಯ ಮುಖ ನೋಡಿದ. ತಾನು ಮಾಡಿದ್ದು ಏನೆಂದು ಅವನಿಗೆ ಹೊಳೆದದ್ದು ಆಗ. ದಿವ್ಯಳಿಗೆ ಎದುರಿನ ಹಸಿರಿನಲ್ಲಿ ಒಂದು ಡಾಕ್ಟರೇಟು ತೂಗುತ್ತಿರುವುದು ಕಾಣುತ್ತಿತ್ತು. ಬಗ್ಗಿ ಕೊಯ್ದುಕೊಂಡರೆ ಸಾಕು. ಅವಳು ವರದಿಗಾರನಿಗೆ ತಾನೇ ಫೋನು ಮಾಡಿದಳು.

"ಬರ್ಬೇಡಿ ಸಾರ್. ಇಲ್ಲಿ ರಿಪೇರಿ ಆಗಿರೋದು ಡಿಎನ್‌ಎ ಅಲ್ಲ, ನಮ್ ಮಾವನ್ ಮರ್ಯಾದೆ."

ಕಾರು ಅವಳನ್ನು ಬಿಟ್ಟೇ ಹೊರಟಿತು. ಇನ್ನೊಂದು ಬೆಳೆ, ಇನ್ನೊಂದು ವರ್ಷ ಎಂದು ಅವಳು ಲೆಕ್ಕ ಹಾಕುತ್ತಿದ್ದರೆ, ಮುದ್ದಯ್ಯ ಬದುವಿನ ಹುಲ್ಲು ಕೀಳುತ್ತಿದ್ದ. ಕೊನೆಗೆ, ಮುಂದಿನ ಸಲಕ್ಕೆ ತೋಟದ ಹಿಂದಿನ ಗದ್ದೆ ಕೊಡುವುದಾಗಿ ಹೇಳಿದ. ಅಲ್ಲಿ ಯಾರ ಕಣ್ಣೂ ಬೀಳುವುದಿಲ್ಲ.

"ಆದ್ರೆ ಒಂದ್ ಮಾತು ಕೂಸೆ. ಪೈರು ಸೊರಗೋದ್ನ ನೋಡ್ಕಂಡು ಸುಮ್ನಿರೋಕೆ ನನ್ ಕೈಲಾಗಾಕಿಲ್ಲ. ನೀನೇ ಬಂದು ಕಾಯ್ಕೊ."

ಮುಂದಿನ ಬೆಳೆಯಲ್ಲಿ ದಿವ್ಯ ಕಾವಲು ಕೂತಳು. ಹಕ್ಕಿಗಲ್ಲ, ಹಂದಿಗಲ್ಲ, ದಿನಕ್ಕೆರಡು ಸಲ, ಏನೂ ಇಲ್ಲ ಸುಮ್ನೆ ಬಂದೆ ಎನ್ನುತ್ತಾ, ಹಿಡಿ ಯೂರಿಯಾವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಬರುತ್ತಿದ್ದ ಮಾವನಿಗೆ.