ಕೌಂಟರ್ ಅಕ್ಕನ ದನಿ

ವಿಮೆ ಕಂಪನಿಯ ಆ ಶಾಖೆಯಲ್ಲಿ ಹತ್ತೊಂಬತ್ತು ವರ್ಷ ಒಂದೇ ಕಿಟಕಿಯ ಹಿಂದೆ ಕೂತವಳನ್ನು ಜನ ಕೌಂಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಓದು ಬಾರದವರ ಅರ್ಜಿಯನ್ನೆಲ್ಲ ಅವಳೇ ತುಂಬಿಕೊಡುತ್ತಿದ್ದಳು.

ಊರಾಚೆ, ಫೋನಿನಲ್ಲೇ ಉತ್ತರ ಕೊಡುವ ಹೊಸ ಗ್ರಾಹಕ ಸಹಾಯ ಕೇಂದ್ರ ತೆರೆಯುವುದೆಂದಾದಾಗ, ಜನ ಏನೇನು ಕೇಳುತ್ತಾರೆ, ಏನು ಹೇಳಬೇಕು ಎಂದು ಬರೆದುಕೊಡಲು ಮ್ಯಾನೇಜರ್ ಅವಳಿಗೇ ಹೇಳಿದ. ಮೂರು ತಿಂಗಳು ತಲೆ ಕೆಡಿಸಿಕೊಂಡು ಬರೆದಳು. ಉದ್ಘಾಟನೆಯ ದಿನ ವೇದಿಕೆಗೆ ಕರೆದು ಚಪ್ಪಾಳೆ ತಟ್ಟಿಸಿದರು. ಮರುದಿನ ಶಾಖೆಗೆ ಬೀಗ ಬಿತ್ತು. ಅವಳಿಗೆ ಕೇಂದ್ರದಲ್ಲಿ ಒಂದು ಕುರ್ಚಿ, ಕಿವಿಗೊಂದು ಹೆಡ್‌ಫೋನ್, ವರ್ಷದ ಒಪ್ಪಂದ. ಗಂಡ ಗ್ಯಾರೇಜಿನಲ್ಲಿ ಕೈ ಮುರಿದುಕೊಂಡು ಮನೆಯಲ್ಲಿದ್ದ. ಬೇಡ ಎನ್ನುವ ಹಾಗಿರಲಿಲ್ಲ.

ಅವಳು ಬರೆದದ್ದನ್ನು ಯಾರೋ ಕತ್ತರಿಸಿ ಹನ್ನೆರಡು ಸಾಲಿಗೆ ಇಳಿಸಿದ್ದರು. ಅದರಾಚೆ ಒಂದು ಮಾತು ಆಡುವಂತಿಲ್ಲ, ತಾನು ಯಾರೆಂದು ಹೇಳುವಂತಿಲ್ಲ, ಒಂದು ಕರೆ ನಾಲ್ಕು ನಿಮಿಷ ದಾಟುವಂತಿಲ್ಲ.

ಎರಡನೆಯ ವಾರ, ಹಿಂದೆ ಶಾಖೆಗೆ ಬರುತ್ತಿದ್ದ ದರ್ಜಿಯೊಬ್ಬನ ಹೆಂಡತಿ, ಓದು ಬಾರದ ಮುದುಕಿ, ಫೋನ್ ಮಾಡಿದಳು. ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಸಹಿ ಹೊಂದುತ್ತಿಲ್ಲ ಎಂದು, ಅವನ ವಿಮೆ ಹಣಕ್ಕೆ ಹಾಕಿದ ಅರ್ಜಿ ಮೂರು ಸಲ ವಾಪಸಾಗಿತ್ತು. ಅಕ್ಕನೇ ತುಂಬಿಕೊಟ್ಟಿದ್ದ ಹಳೇ ಕಾಗದದಲ್ಲಿದ್ದದ್ದು ಮುದುಕಿಯ ಹೆಬ್ಬೆಟ್ಟು, ಹೊಸದರಲ್ಲಿ ಸೊಸೆ ಗೀಚಿದ ಸಹಿ. ಹೆಬ್ಬೆಟ್ಟಿನವರಿಗೆ ಬೇರೆ ಫಾರಂ ಇದೆ ಎಂದಿದ್ದರೆ ಸಾಕಿತ್ತು. ಆ ಮಾತು ಹನ್ನೆರಡು ಸಾಲಿನಲ್ಲಿರಲಿಲ್ಲ.

"ದನಿ ಗುರುತಾಯ್ತು ಕಣೇ. ನೀನು ಕೌಂಟರ್ ಅಕ್ಕ ಅಲ್ವಾ?"

ಸೂಪರ್‌ವೈಸರ್ ಬೆನ್ನ ಹಿಂದೆಯೇ ನಿಂತಿದ್ದ.

"ಅಲ್ಲ ಮೇಡಂ. ಸಹಿ ಸರಿಮಾಡಿ ಮತ್ತೆ ಕಳಿಸಿ."

ಮುದುಕಿ ಇನ್ನೂ ಏನೋ ಹೇಳುತ್ತಿದ್ದಳು. ಅಷ್ಟರಲ್ಲಿ ನಾಲ್ಕು ನಿಮಿಷ ಮುಗಿದು ಕರೆ ಕಡಿಯಿತು. ಆ ಕರೆಯನ್ನು ಮಾದರಿ ಎಂದು ಸೂಪರ್‌ವೈಸರ್ ಹೊಸಬರಿಗೆಲ್ಲ ಕೇಳಿಸಿದ.

ಭಾನುವಾರ ಅವಳು ಫಾರಂ ಹಿಡಿದು ಮುದುಕಿಯ ಮನೆಗೆ ಹೋದಳು. ಹೊಲಿಗೆ ಮೆಷಿನ್ ಇದ್ದ ಮೂಲೆ ಖಾಲಿಯಾಗಿತ್ತು. ಮುದುಕಿ ಅವಳ ಕೈ ಹಿಡಿದುಕೊಂಡು ಅತ್ತಳು.

"ಫೋನಲ್ಲಿ ಒಬ್ಬಳು ಸಿಕ್ಕಿದ್ಳು ಮಗಳೇ, ಥೇಟ್ ನಿನ್ನದೇ ದನಿ. ಎಂಥಾ ಕಲ್ಲುಮನಸ್ಸು ಅಂತೀಯ. ಅವಳ ಮೇಲೊಂದು ದೂರು ಬರೆದುಕೊಡು."

ಅಕ್ಕ ಪೆನ್ನು ತೆಗೆದಳು. ಮೊದಲು ಫಾರಂ ತುಂಬಿದಳು. ಆಮೇಲೆ ದೂರು ಬರೆದಳು: ಕರೆಯ ದಿನ, ಹೊತ್ತು, ಆಡಿದ ಮಾತು, ಒಂದಕ್ಷರ ತಪ್ಪದೆ. ಎರಡಕ್ಕೂ ಹೆಬ್ಬೆಟ್ಟು ಒತ್ತಿಸಿ ತಾನೇ ಅಂಚೆಗೆ ಹಾಕಿದಳು.

ಮುದುಕಿಯ ಅರ್ಜಿ ಪಾಸಾದ ವಾರವೇ ಅಕ್ಕನನ್ನು ಕೆಲಸದಿಂದ ತೆಗೆದರು. ಯಾಕಂತೆ ಎಂದು ಗಂಡ ಕೇಳಿದ.

"ಯಾರೋ ದೂರು ಕೊಟ್ಟರಂತೆ," ಎಂದು ಅವಳು ಅಡುಗೆಮನೆಗೆ ಹೋದಳು.